ಸರ್ಕಾರದ ಕ್ರೆಡಿಟ್ ಕಾರ್ಡ್ ಯಾರ ಜೇಬಲ್ಲಿದೆ? ಛತ್ರ ಹೋಬಳಿಯಲ್ಲಿ ಕೂತು ಹಾಕಿದ ಲೆಕ್ಕ

ಚಿಕ್ಕಯ್ಯನಛತ್ರ (ನಂಜನಗೂಡು ತಾ.): ನಾಡಕಚೇರಿಯ ಪ್ರಿಂಟರ್‌ನಲ್ಲಿ ಟೋನರ್ ಖಾಲಿ ಆಯ್ತು ಅಂದ್ಕೊಳ್ಳಿ. ಹೊರಗೆ ಜಾತಿ, ಆದಾಯ ಪ್ರಮಾಣಪತ್ರಕ್ಕೆ ಜನ ಸಾಲಲ್ಲಿ ನಿಂತಿದ್ದಾರೆ. ಒಬ್ಬ ಹುಡುಗನ ಕಾಲೇಜು ಅಡ್ಮಿಷನ್‌ಗೆ ನಾಳೆಯೇ ಕೊನೆ ದಿನ. ಈಗ ಏನು ಮಾಡಬೇಕು?

ನಿಯಮ ಕೇಳಿದರೆ ಉತ್ತರ ಉದ್ದ ಇದೆ. ಬೇಡಿಕೆ ಪತ್ರ ಹೋಗಬೇಕು, ತಾಲೂಕು ಕಚೇರಿಯಲ್ಲಿ ಮಂಜೂರಾಗಬೇಕು, ಕೊಟೇಷನ್ ಬರಬೇಕು, ವಸ್ತು ಬಂದ ಮೇಲೆ ಬಿಲ್ ತಯಾರಾಗಬೇಕು, ಆ ಬಿಲ್ ಖಜಾನೆಗೆ ಹೋಗಬೇಕು. ನಡೆಯೋದು ಬೇರೆ. ಸಿಬ್ಬಂದಿಯಲ್ಲಿ ಯಾರಾದರೂ ಒಬ್ಬರು ಬೈಕ್ ಹತ್ತಿ ನಂಜನಗೂಡಿನ ಅಂಗಡಿಗೆ ಹೋಗ್ತಾರೆ. ಒಂದೋ ತಮ್ಮ ಫೋನ್‌ಪೇಯಿಂದ ದುಡ್ಡು ಹಾಕ್ತಾರೆ, ಇಲ್ಲಾಂದ್ರೆ ಅಂಗಡಿಯವರಿಗೆ ‘ಬರ್ಕೊಳ್ಳಿ’ ಅಂತಾರೆ. ಬೈಕ್‌ನ ಪೆಟ್ರೋಲ್ ಯಾರ ಲೆಕ್ಕಕ್ಕೆ ಅಂತ ಕೇಳೋರೂ ಇಲ್ಲ.

ಈ ‘ಬರ್ಕೊಳ್ಳಿ’ ಅನ್ನೋ ಮಾತೇ ನಮ್ಮ ಸರ್ಕಾರದ ಕ್ರೆಡಿಟ್ ಕಾರ್ಡ್. ಅದಕ್ಕೆ ಪ್ಲಾಸ್ಟಿಕ್ ಇಲ್ಲ, ಪಿನ್ ನಂಬರ್ ಇಲ್ಲ, ಮುಖ್ಯವಾಗಿ ಬಡ್ಡಿ ಇಲ್ಲ. ಸರ್ಕಾರಕ್ಕೆ ಬಡ್ಡಿ ಇಲ್ಲ ಅಷ್ಟೇ, ಅಂಗಡಿಯವರಿಗೆ ಇದೆ.

ಅಮೆರಿಕದಲ್ಲಿ ಈ ಕೆಲಸಕ್ಕೆ ನಿಜವಾದ ಕಾರ್ಡೇ ಇದೆ. ಅಲ್ಲಿನ ಕೇಂದ್ರ ಸರ್ಕಾರದ ನೌಕರರಿಗೆ ಸಣ್ಣ ಖರೀದಿಗೆ ಒಂದು ಕಾರ್ಡ್, ಪ್ರಯಾಣಕ್ಕೆ ಇನ್ನೊಂದು. ‘ಸ್ಮಾರ್ಟ್‌ಪೇ’ ಅಂತ ಹೆಸರು, 1998ರಿಂದ ನಡೀತಿದೆ. 2025ರ ಫೆಬ್ರವರಿಯಲ್ಲಿ ಇಲಾನ್ ಮಸ್ಕ್ ಅವರ ‘ಡೋಜ್’ ತಂಡ ಹೇಳಿಕೊಂಡ ಪ್ರಕಾರ ಸುಮಾರು 46 ಲಕ್ಷ ಕಾರ್ಡು-ಖಾತೆಗಳು, 2024ರ ಹಣಕಾಸು ವರ್ಷದಲ್ಲಿ ಸುಮಾರು 4,000 ಕೋಟಿ ಡಾಲರ್ ಖರ್ಚು. ಫೆಬ್ರವರಿ 26ರಂದು ಅಧ್ಯಕ್ಷ ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿ ಈ ಕಾರ್ಡುಗಳನ್ನ 30 ದಿನ ತಡೆಹಿಡಿಯೋಕೆ ಹೇಳಿದರು. ಕೆಲವು ಇಲಾಖೆಗಳಲ್ಲಿ ಕಾರ್ಡಿನ ಮಿತಿಯನ್ನ ಒಂದೇ ಒಂದು ಡಾಲರ್‌ಗೆ ಇಳಿಸಿದರು. ಬ್ರಿಟನ್ನೂ ಅದೇ ದಾರಿ ಹಿಡೀತು. ಮಾರ್ಚ್‌ನಲ್ಲಿ ಅಲ್ಲಿನ ಸರ್ಕಾರ ತನ್ನ ಸುಮಾರು 20 ಸಾವಿರ ಖರೀದಿ ಕಾರ್ಡುಗಳಲ್ಲಿ ಬಹುಪಾಲನ್ನ ನಿಲ್ಲಿಸೋದಾಗಿ ಹೇಳಿತು. ಕಾರಣ, ನಾಲ್ಕು ವರ್ಷದಲ್ಲಿ ಕಾರ್ಡಿನ ಖರ್ಚು ನಾಲ್ಕು ಪಟ್ಟಾಗಿ 60 ಕೋಟಿ ಪೌಂಡ್ ದಾಟಿತ್ತು.

ಇದನ್ನ ಓದಿದ ಇಲ್ಲಿಯವರಿಗೆ ಮೊದಲು ಬರೋ ಯೋಚನೆ, ಸದ್ಯ ನಮ್ಮಲ್ಲಿ ಇಂಥದ್ದಿಲ್ಲ, ಇದ್ದಿದ್ರೆ ನುಂಗಿ ನೀರು ಕುಡೀತಿದ್ರು ಅಂತ. ಆ ಅನುಮಾನಕ್ಕೆ ಕಾರಣ ಇಲ್ಲದೇ ಇಲ್ಲ. ಆದರೆ ಕಾರ್ಡ್ ಇಲ್ಲದೇ ಇರೋದ್ರಿಂದ ಈಗ ಯಾರು ದುಡ್ಡು ಕಳ್ಕೊಳ್ತಿದ್ದಾರೆ ಅನ್ನೋದನ್ನ ಯಾರೂ ಲೆಕ್ಕ ಹಾಕಿಲ್ಲ.

ಮೊದಲು ನಮ್ಮಲ್ಲಿ ದುಡ್ಡು ಹೇಗೆ ಹೋಗುತ್ತೆ ನೋಡೋಣ. ರಾಜ್ಯದ ಇಲಾಖೆಗಳ ಬಿಲ್ಲುಗಳು ‘ಖಜಾನೆ-2’ ಅನ್ನೋ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಹೋಗ್ತವೆ. ಬಿಲ್ ಎಬ್ಬಿಸೋ ಅಧಿಕಾರ ಇರೋದು ಡಿಡಿಓ ಅಂತ ಕರೆಯೋ ಅಧಿಕಾರಿಗೆ ಮಾತ್ರ. ಪ್ರಯಾಣ ವೆಚ್ಚಕ್ಕೆ 041, ಕಚೇರಿಯ ಸಾಮಾನ್ಯ ವೆಚ್ಚಕ್ಕೆ 051, ಹೀಗೆ ಒಂದೊಂದಕ್ಕೂ ಒಂದು ಲೆಕ್ಕದ ನಂಬರ್. ಆ ನಂಬರ್‌ನಲ್ಲಿ ಅನುದಾನ ಬಿಡುಗಡೆ ಆಗಿದ್ದರೆ ಬಿಲ್ ಪಾಸ್, ಇಲ್ಲದಿದ್ದರೆ ಕಾಯಬೇಕು. ದುಡ್ಡು ಅಂಗಡಿಯವರ ಖಾತೆಗೇ ನೇರ ಹೋಗಬೇಕಾದರೆ ಅವರ ಬ್ಯಾಂಕ್ ವಿವರ ಕೊಟ್ಟು ಖಜಾನೆಯಲ್ಲಿ ಒಂದು ಐಡಿ ಮಾಡಿಸಬೇಕು. 300 ರೂಪಾಯಿ ಝೆರಾಕ್ಸ್‌ಗೆ ಯಾರು ಐಡಿ ಮಾಡಿಸ್ತಾರೆ? ಅದಕ್ಕೇ ಸಿಬ್ಬಂದಿ ಕೈಯಿಂದ ಹಾಕ್ತಾರೆ.

ಸಣ್ಣ ಖರ್ಚಿಗೆ ಅಂತ ಕೆಲವು ಕಚೇರಿಗಳಲ್ಲಿ ಖಾಯಂ ಮುಂಗಡ ಇಟ್ಟಿರ್ತಾರೆ. ಮೊತ್ತ ಎಷ್ಟು ಸಣ್ಣದು ಅಂದ್ರೆ ಟೀ, ಪೋಸ್ಟ್ ಸ್ಟಾಂಪ್‌ಗೆ ಸರಿಹೋಗುತ್ತೆ. ದೊಡ್ಡ ತುರ್ತು ಇದ್ದರೆ ಎ.ಸಿ. ಬಿಲ್, ಅಂದ್ರೆ ಮೊದಲು ದುಡ್ಡು ಎತ್ತಿ ಆಮೇಲೆ ಲೆಕ್ಕ ಕೊಡೋದು. ಆ ಲೆಕ್ಕದ ಎನ್.ಡಿ.ಸಿ. ಬಿಲ್ ಮುಂದಿನ ತಿಂಗಳು 15ರೊಳಗೆ ಮಹಾಲೇಖಪಾಲರಿಗೆ ಮುಟ್ಟಬೇಕು ಅಂತ 1958ರ ಸಾದಿಲ್ವಾರು ವೆಚ್ಚದ ಕೈಪಿಡಿ ಹೇಳುತ್ತೆ. ಮುಟ್ಟಲ್ಲ. ಎನ್.ಡಿ.ಸಿ. ಬಿಲ್ಲುಗಳು ಬಾಕಿ ಉಳಿದಿವೆ ಅಂತ ಸಿಎಜಿ ವರದಿಗಳಲ್ಲಿ ಮತ್ತೆ ಮತ್ತೆ ಬರೋದನ್ನ ನೋಡಿದರೆ ಅದು ವರದಿಯ ಖಾಯಂ ಅಧ್ಯಾಯ ಅನ್ನಿಸಿಬಿಡುತ್ತೆ. ಹಾಗಾಗಿ ಮುಂಗಡ ಅಂದ್ರೆ ಮೇಲಿನವರಿಗೆ ಭಯ, ಕೊಡಲ್ಲ. ಕೆಳಗಿನವರು ಜೇಬಿಗೆ ಕೈ ಹಾಕ್ತಾರೆ.

ಮೊಟ್ಟೆಯ ಲೆಕ್ಕ ತಗೊಳ್ಳಿ. ಹೋಬಳಿಯ ಎಲ್ಲಾ ಊರಿಗೂ ಇದು ಗೊತ್ತಿರೋದೇ. ಸರ್ಕಾರಿ, ಅನುದಾನಿತ ಶಾಲೆಯ 1ರಿಂದ 10ನೇ ತರಗತಿ ಮಕ್ಕಳಿಗೆ 2024ರ ಸೆಪ್ಟೆಂಬರ್‌ನಿಂದ ವಾರಕ್ಕೆ ಆರು ದಿನ ಮೊಟ್ಟೆ. ಎರಡು ದಿನದ್ದು ಸರ್ಕಾರದ ಖರ್ಚು, ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್‌ನದು. ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿಗೂ ಹೆಚ್ಚು ಕೊಡೋ ಒಪ್ಪಂದ ಅದು. ಯೋಜನೆ ಒಳ್ಳೇದು, ಮಕ್ಕಳು ತಿಂತಿದ್ದಾರೆ, ಅದರ ಬಗ್ಗೆ ತಕರಾರಿಲ್ಲ. ಒಂದು ಮೊಟ್ಟೆಗೆ ಲೆಕ್ಕ ಹಿಡಿದಿದ್ದು 6 ರೂಪಾಯಿ. ಕೊಳ್ಳೋದು, ತರೋದು, ಬೇಯಿಸೋದು, ಸುಲಿಯೋದು ಎಲ್ಲಾ ಅದರಲ್ಲೇ ಮುಗೀಬೇಕು.

80 ಮಕ್ಕಳಿರೋ ಒಂದು ಶಾಲೆ ಇಟ್ಕೊಳ್ಳಿ. ತಿಂಗಳಿಗೆ 24 ಶಾಲಾ ದಿನ ಅಂದ್ರೆ 1,920 ಮೊಟ್ಟೆ. 6 ರೂಪಾಯಿ ಲೆಕ್ಕದಲ್ಲಿ 11,520 ರೂಪಾಯಿ. ಚಳಿಗಾಲ ಬಂತು, ಮೊಟ್ಟೆ ರೇಟು ಏರಿತು, ಸಾಗಾಣಿಕೆ ಸೇರಿ ಒಂದಕ್ಕೆ 7 ರೂಪಾಯಿ ಬಿತ್ತು ಅಂದ್ರೆ 13,440. ವ್ಯತ್ಯಾಸ 1,920 ರೂಪಾಯಿ. ಇದನ್ನ ತುಂಬೋದು ಮುಖ್ಯಶಿಕ್ಷಕರು. ಅಷ್ಟೇ ಆಗಿದ್ದರೆ ಹೇಗೋ ಆಗ್ತಿತ್ತು. ಶಾಲೆಯ ಖಾತೆಗೆ ದುಡ್ಡು ಬರೋದು ಎರಡು ತಿಂಗಳು ತಡ ಆಯ್ತು ಅಂದ್ರೆ ಒಟ್ಟು 27 ಸಾವಿರ ರೂಪಾಯಿ ಹತ್ತಿರ ಯಾರಾದರೂ ಕೈಯಿಂದ ಹಾಕಿರಬೇಕು, ಇಲ್ಲವೇ ಮೊಟ್ಟೆ ಅಂಗಡಿಯವರು ಸಾಲ ಕೊಟ್ಟಿರಬೇಕು. ಮಕ್ಕಳಿಗೆ ನಾಳೆ ಮೊಟ್ಟೆ ಇಲ್ಲ ಅಂತ ಹೇಳೋಕಾಗಲ್ಲ, ಮೇಲಿನಿಂದ ನೋಟಿಸ್ ಬರುತ್ತೆ. ದುಡ್ಡು ತಡ ಮಾಡಿದವರಿಗೆ ಮಾತ್ರ ನೋಟಿಸ್ ಬರೋದಿಲ್ಲ.

ಅಂಗನವಾಡಿಗಳಲ್ಲೂ ಇದೇ ಕಥೆ. ಮೊಟ್ಟೆ ದುಡ್ಡು ಬಾಕಿ ಕೊಡಿ ಅನ್ನೋದು ರಾಜ್ಯದಾದ್ಯಂತ ಅಂಗನವಾಡಿ ಕಾರ್ಯಕರ್ತೆಯರ ಬೇಡಿಕೆ ಪಟ್ಟಿಯಲ್ಲಿ ವರ್ಷಗಳಿಂದ ಇದೆ. ಮುಖ್ಯಶಿಕ್ಷಕರ ಸಂಬಳಕ್ಕೂ ಅಂಗನವಾಡಿ ಕಾರ್ಯಕರ್ತೆಯ ಗೌರವಧನಕ್ಕೂ ಎಷ್ಟು ಅಂತರ ಅನ್ನೋದು ಓದುಗರಿಗೆ ಗೊತ್ತು. ಸಾಲ ಕೊಡೋ ಕೆಲಸ ಮಾತ್ರ ಇಬ್ಬರಿಗೂ ಒಂದೇ.

ಪ್ರಯಾಣದ ವಿಷಯ ಇನ್ನೂ ಸ್ಪಷ್ಟ. ಗ್ರಾಮ ಆಡಳಿತ ಅಧಿಕಾರಿಗಳು, ಅಂದ್ರೆ ಹಳೇ ವಿಲೇಜ್ ಅಕೌಂಟೆಂಟ್‌ಗಳು, 2024ರ ಸೆಪ್ಟೆಂಬರ್‌ನಲ್ಲಿ ಒಮ್ಮೆ, 2025ರ ಫೆಬ್ರವರಿಯಲ್ಲಿ ಇನ್ನೊಮ್ಮೆ ರಾಜ್ಯದಾದ್ಯಂತ ಮುಷ್ಕರಕ್ಕೆ ಕೂತರು. ನಾಡಕಚೇರಿ ಕೆಲಸ ನಿಂತು ಜನ ಒದ್ದಾಡಿದ್ದು ನೆನಪಿರಬಹುದು. ಹತ್ತಾರು ಮೊಬೈಲ್ ಆ್ಯಪ್ ಕೊಟ್ಟಿದ್ದೀರಿ, ಆ ಆ್ಯಪ್ ಹಾಕೋಕೆ ಮೊಬೈಲ್ ಕೊಡಿ, ಲ್ಯಾಪ್‌ಟಾಪ್ ಕೊಡಿ, ಪ್ರಯಾಣ ಭತ್ಯೆ ಏರಿಸಿ ಅನ್ನೋದು ಅವರ ಮುಖ್ಯ ಬೇಡಿಕೆಗಳಲ್ಲಿ ಸೇರಿತ್ತು. ಜಮೀನು ನೋಡೋಕೆ, ಬೆಳೆ ಸಮೀಕ್ಷೆಗೆ, ಮಳೆಗೆ ಬಿದ್ದ ಮನೆ ನೋಡೋಕೆ ಹೋಗೋದು ಸ್ವಂತ ಬೈಕಲ್ಲಿ. ಫೋಟೋ ಹಾಕೋದು ಸ್ವಂತ ಫೋನಲ್ಲಿ, ಸ್ವಂತ ಡೇಟಾದಲ್ಲಿ.

2025ರ ಸೆಪ್ಟೆಂಬರ್ 22ರಿಂದ ಅಕ್ಟೋಬರ್‌ವರೆಗೆ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯನ್ನೇ ನೋಡಿ. ಹಿಂದುಳಿದ ವರ್ಗಗಳ ಆಯೋಗದ ಈ ಸಮೀಕ್ಷೆಗೆ ಸರ್ಕಾರ ಅಂದಾಜು ಮಾಡಿದ್ದು 420 ಕೋಟಿ ರೂಪಾಯಿ. ಸುಮಾರು 1.75 ಲಕ್ಷ ಶಿಕ್ಷಕರನ್ನ ಮನೆಮನೆಗೆ ಕಳಿಸೋದು, ಒಬ್ಬರಿಗೆ ಗರಿಷ್ಠ 20 ಸಾವಿರದವರೆಗೆ ಗೌರವಧನ ಅಂತ ಹೇಳಲಾಗಿತ್ತು. ಗೌರವಧನ ಕೆಲಸಕ್ಕೆ. ಹಳ್ಳಿಯಿಂದ ಹಳ್ಳಿಗೆ ಓಡಾಡಿದ ಪೆಟ್ರೋಲ್, ಸರ್ವರ್ ಸಿಗದೆ ಎರಡನೇ ಸಲ, ಮೂರನೇ ಸಲ ಹೋದ ಮನೆಗಳ ಖರ್ಚು ದಿನದ ದಿನವೇ ಆಗಿದ್ದು. ಗೌರವಧನ ಬರೋದು ಆಮೇಲೆ. ಈ ಮಧ್ಯದ ದಿನಗಳಿಗೆ ಸಮೀಕ್ಷೆ ನಡೆಸಿದ್ದು ಶಿಕ್ಷಕರ ಎಟಿಎಂ ಕಾರ್ಡ್.

ಒಂದು ಮಾತು ಇಲ್ಲಿ ಹೇಳಲೇಬೇಕು. ಸಿಬ್ಬಂದಿ ಎಲ್ಲರೂ ಪಾಪದವರು, ಎಲ್ಲರೂ ಕೈಯಿಂದ ಹಾಕಿ ಕಳ್ಕೊಳ್ತಾರೆ ಅಂತ ಏನಿಲ್ಲ. ಕೈಯಿಂದ ಹಾಕಿದ್ದನ್ನ ಎಲ್ಲಿಂದಲೋ ಎತ್ತಬೇಕಲ್ಲ. ಖಾತೆ ಮಾಡಿಸೋಕೆ, ಪೋಡಿಗೆ, ಸರ್ಟಿಫಿಕೇಟ್‌ಗೆ ಬಂದವರ ಹತ್ರ ‘ಖರ್ಚಿಗೆ’ ಅಂತ ಕೇಳೋದಕ್ಕೆ ಇದು ಒಳ್ಳೇ ನೆಪ. ಪೇಪರ್ ನಾವೇ ತರ್ತೀವಿ, ಪೆಟ್ರೋಲ್ ನಾವೇ ಹಾಕ್ತೀವಿ ಅನ್ನೋ ಮಾತು ಅರ್ಧ ನಿಜ ಆಗಿರೋದ್ರಿಂದಲೇ ಅದಕ್ಕೆ ಎದುರಾಡೋದು ಕಷ್ಟ. ಸರ್ಕಾರ ಕೊಡದ 200 ರೂಪಾಯಿ ಕೊನೆಗೆ ರೈತನ ಜೇಬಿಂದ 500 ಆಗಿ ಹೊರಗೆ ಬರುತ್ತೆ.

ಇನ್ನು ಅಂಗಡಿಯವರ ಕಡೆ ಬರೋಣ. 10 ಸಾವಿರ ರೂಪಾಯಿಯ ಪೇಪರ್, ಟೋನರ್ ಸಾಲ ಕೊಟ್ಟರು. ದುಡ್ಡು ಬಂದಿದ್ದು ಆರು ತಿಂಗಳ ಮೇಲೆ. ಅಂಗಡಿಯವರು ಹೊಸ ಸರಕಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯಲ್ಲಿ ಕೈಸಾಲ ಮಾಡಿದ್ದರೆ ತಿಂಗಳಿಗೆ 200, ಆರು ತಿಂಗಳಿಗೆ 1,200. ಹತ್ತು ಸಾವಿರದ ಸರಕಲ್ಲಿ ಅವರಿಗೆ ಅಷ್ಟು ಲಾಭ ಉಳಿಯುತ್ತಾ? ಉಳಿಯಲ್ಲ ಅಂದ್ರೆ ಮುಂದಿನ ಸಲ ಸರ್ಕಾರಿ ಬಿಲ್‌ಗೆ ರೇಟೇ ಬೇರೆ ಹಾಕ್ತಾರೆ. ಹೊರಗಿನವರಿಗೆ 220ರ ಪೇಪರ್ ಕಟ್ಟು ಕಚೇರಿಗೆ 260. ಆಡಿಟ್‌ನವರು ಬಂದು ‘ಮಾರುಕಟ್ಟೆ ದರಕ್ಕಿಂತ ಹೆಚ್ಚು’ ಅಂತ ಬರೀತಾರೆ. ಅದು ಆರು ತಿಂಗಳ ಬಡ್ಡಿ ಸೇರಿದ ದರ ಅಂತ ಬರೆಯೋಕೆ ಅವರ ಫಾರಂನಲ್ಲಿ ಕಾಲಂ ಇಲ್ಲ.

ಸಣ್ಣ ವ್ಯಾಪಾರಿಗಳಿಗೆ 45 ದಿನದಲ್ಲಿ ದುಡ್ಡು ಕೊಡಬೇಕು ಅಂತ ಕಾನೂನಿದೆಯಲ್ಲ ಅಂತ ಕೇಳಬಹುದು. ಇದೆ, 2006ರ ಎಂಎಸ್ಎಂಇ ಕಾಯ್ದೆ. ತಡ ಮಾಡಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಅಂತ ಅದರಲ್ಲೇ ಬರೆದಿದೆ. ಆದರೆ ಅದು ತಯಾರಿಸೋರಿಗೆ, ಸೇವೆ ಕೊಡೋರಿಗೆ. ತಂದು ಮಾರೋ ಅಂಗಡಿಗಳಿಗೆ 2021ರಲ್ಲಿ ‘ಉದ್ಯಮ್’ ನೋಂದಣಿಗೆ ಅವಕಾಶ ಕೊಟ್ಟರು, ಕೊಡುವಾಗ ಬ್ಯಾಂಕ್ ಸಾಲದ ಆದ್ಯತೆಗೆ ಮಾತ್ರ ಅಂತ ಷರತ್ತು ಹಾಕಿದರು. 45 ದಿನದ ರಕ್ಷಣೆ ಅವರಿಗೆ ಸಿಗಲ್ಲ. ತಾಂಡವಪುರದ ಕಡೆಯ ಕಾರ್ಖಾನೆಗೆ ಬಿಡಿಭಾಗ ಮಾಡಿಕೊಡೋ ಸಣ್ಣ ಘಟಕದವರು ಕೇಸ್ ಹಾಕಬಹುದು. ಛತ್ರದ ಸ್ಟೇಷನರಿ ಅಂಗಡಿಯವರು, ಮೊಟ್ಟೆ ಅಂಗಡಿಯವರು ಸಾಲದ ಪುಸ್ತಕದಲ್ಲಿ ಬರ್ಕೊಂಡು ಸುಮ್ಮನಿರಬೇಕು. ಗೋಡೆ ಮೇಲೆ ‘ಇಂದು ನಗದು ನಾಳೆ ಸಾಲ’ ಅಂತ ಬೋರ್ಡ್ ಇದ್ದರೂ ಸರ್ಕಾರಿ ಕಚೇರಿಯವರು ಬಂದಾಗ ಆ ಬೋರ್ಡ್ ತೋರಿಸೋ ಧೈರ್ಯ ಯಾರಿಗೂ ಬರಲ್ಲ. ಅಂಗಡಿ ಲೈಸೆನ್ಸ್ ಕೊಡೋದು ಅದೇ ಪಂಚಾಯಿತಿ ತಾನೆ.

ಇಷ್ಟೂ ಸಣ್ಣ ದುಡ್ಡಿನ ಮಾತಾಯ್ತು ಅನ್ನೋರು ನಂಜನಗೂಡು ಬಸ್ ಸ್ಟ್ಯಾಂಡಿಗೆ ಬನ್ನಿ. ಅಲ್ಲಿ ಸರ್ಕಾರದ ಅತಿ ದೊಡ್ಡ ಕ್ರೆಡಿಟ್ ಕಾರ್ಡ್ ಪ್ರತಿ ನಿಮಿಷಕ್ಕೂ ಉಜ್ಜಲ್ಪಡ್ತಿದೆ.

ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯ್ತು. ಸೇವಾಸಿಂಧು ಮೂಲಕ ಮೂರು ತಿಂಗಳಲ್ಲಿ ಸ್ಮಾರ್ಟ್ ಕಾರ್ಡ್ ಕೊಡ್ತೀವಿ, ಅಲ್ಲೀವರೆಗೆ ಗುರುತಿನ ಚೀಟಿ ತೋರಿಸಿ ಅಂತ ಆದೇಶದಲ್ಲಿತ್ತು. ಎರಡು ವರ್ಷ ದಾಟಿದ ಮೇಲೆ, 2025ರಲ್ಲೂ ಮೈಸೂರಿಗೆ ಹೋಗೋ ಹೆಣ್ಮಕ್ಕಳು ತೋರಿಸ್ತಿದ್ದದ್ದು ಆಧಾರ್. ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡ್ತಾರೆ. ಅದು ಶೂನ್ಯ ಪ್ರಯಾಣಿಕರಿಗೆ ಮಾತ್ರ, ಒಳಗೆ ಮಿಷನ್‌ನಲ್ಲಿ ಪೂರ್ತಿ ದರ ದಾಖಲಾಗುತ್ತೆ. ಆ ದುಡ್ಡನ್ನ ಸರ್ಕಾರ ನಿಗಮಕ್ಕೆ ಕೊಡಬೇಕು. ಅಂದ್ರೆ ಪ್ರತಿ ಆಧಾರ್ ಕಾರ್ಡೂ ಸರ್ಕಾರದ ಹೆಸರಲ್ಲಿ ಉಜ್ಜೋ ಒಂದು ಪ್ರಯಾಣ ಕಾರ್ಡ್. ಪೊಲೀಸರಿಗೆ, ಸೈನಿಕರಿಗೆ ಹಿಂದಿನಿಂದ ಇರೋ ರೈಲ್ವೆ ವಾರೆಂಟೂ ಇದೇ ಥರದ್ದು, ಈಗ ಹತ್ತಿಸಿ ಆಮೇಲೆ ಬಿಲ್ ಕಳಿಸಿ ಅನ್ನೋ ಪದ್ಧತಿ.

2025ರ ಜುಲೈ 14ಕ್ಕೆ ಇಂಥ ಟಿಕೆಟ್ 500 ಕೋಟಿ ಮುಟ್ಟಿತು. ಸಿಎಂ ಸಿದ್ದರಾಮಯ್ಯ ಅವರೇ ಬಸ್ಸಲ್ಲಿ ನಿಂತು ಟಿಕೆಟ್ ಕೊಟ್ಟರು. ಒಟ್ಟು ಮೌಲ್ಯ 12,600 ಕೋಟಿ ರೂಪಾಯಿಗೂ ಹೆಚ್ಚು. ಭಾಗಿಸಿ ನೋಡಿದರೆ ಒಂದು ಪ್ರಯಾಣಕ್ಕೆ ಸರಾಸರಿ 25 ರೂಪಾಯಿ ಆಸುಪಾಸು. 2024-25ರ ಬಜೆಟ್‌ನಲ್ಲಿ ಇದಕ್ಕೆ 5,015 ಕೋಟಿ, 2025-26ಕ್ಕೆ 5,300 ಕೋಟಿ ಇಟ್ಟರು. ಈ ಮಧ್ಯೆ 2025ರ ಜನವರಿ 5ರಿಂದ ಬಸ್ ದರ ಶೇ 15ರಷ್ಟು ಏರಿತು. ಗಂಡಸರ ಟಿಕೆಟ್ ಏರಿದ್ದು ಎಲ್ಲರಿಗೂ ಕಾಣ್ತು. ಶೂನ್ಯ ಟಿಕೆಟ್‌ನ ಒಳಗಿನ ದರವೂ ಅಷ್ಟೇ ಏರಿತು, ಸರ್ಕಾರದ ಬಿಲ್ಲೂ ಏರಿತು, ಅದು ಕಾಣಲಿಲ್ಲ. ದರ ಶೇ 15 ಏರಿದ ವರ್ಷ ಬಜೆಟ್ ಏರಿದ್ದು ಶೇ 6ರ ಹತ್ತಿರ. ಉಳಿದದ್ದು ಎಲ್ಲಿಂದ ಬರಬೇಕು?

ಎಲ್ಲಿಂದ ಬರ್ತಿದೆ ಅನ್ನೋದಕ್ಕೆ ಸುಳಿವು 2025ರ ಎರಡು ಸುದ್ದಿಯಲ್ಲಿದೆ. ಜನವರಿಯಲ್ಲಿ ನಾಲ್ಕೂ ಸಾರಿಗೆ ನಿಗಮಗಳು 2,000 ಕೋಟಿ ಸಾಲ ಎತ್ತೋಕೆ ಸಂಪುಟ ಒಪ್ಪಿಗೆ ಕೊಟ್ಟಿತು. ಯಾತಕ್ಕೆ? ನೌಕರರ ಪಿಎಫ್ ಬಾಕಿಗೆ, ಡೀಸೆಲ್ ಬಾಕಿಗೆ. ಆಗಸ್ಟ್ 5ರಂದು ನೌಕರರು ಮುಷ್ಕರ ಮಾಡಿದರು, 38 ತಿಂಗಳ ವೇತನ ಹಿಂಬಾಕಿ ಕೊಡಿ ಅಂತ. ನಂಜನಗೂಡು, ನರಸೀಪುರದವರಿಗೆ ಆ ಬೆಳಿಗ್ಗೆ ನೆನಪಿದೆ. ಹೈಕೋರ್ಟ್ ಮಧ್ಯೆ ಬಂದ ಮೇಲೆ ಮುಷ್ಕರ ನಿಂತಿತು, ಬಾಕಿ ನಿಂತಲ್ಲೇ ಇತ್ತು. ಹಿಂಬಾಕಿಗೆ ಶಕ್ತಿ ಒಂದೇ ಕಾರಣ ಅಲ್ಲ, ಆ ಲೆಕ್ಕ 2020ರ ಜನವರಿಯಿಂದ ಶುರುವಾಗೋದು. ನಿಗಮಗಳ ನಷ್ಟ ಅದಕ್ಕಿಂತ ಹಳೇದು. ಆದರೆ ಪದ್ಧತಿ ನೋಡಿ. ಮೊಟ್ಟೆ ಅಂಗಡಿಯವರ ಜಾಗದಲ್ಲಿ ನಿಗಮ, ಮುಖ್ಯಶಿಕ್ಷಕರ ಜಾಗದಲ್ಲಿ ಡ್ರೈವರ್, ಕಂಡಕ್ಟರ್.

ಹಾಗಾದರೆ ನಿಜವಾದ ಕಾರ್ಡ್ ಬಂದರೆ ಏನು ಬದಲಾಗುತ್ತೆ?

ಒಂದು ದೊಡ್ಡ ಬದಲಾವಣೆ ಆಗುತ್ತೆ. ಅಂಗಡಿಯವರಿಗೆ ಒಂದೆರಡು ದಿನದಲ್ಲಿ ದುಡ್ಡು ಬರುತ್ತೆ. ಸರ್ಕಾರದ ಸಾಲಗಾರ ಬದಲಾಗ್ತಾನೆ, ಅಂಗಡಿಯವರ ಬದಲು ಬ್ಯಾಂಕ್. ಬ್ಯಾಂಕ್ 45ರಿಂದ 50 ದಿನ ಸುಮ್ಮನಿರುತ್ತೆ. ಆಮೇಲೆ ತಿಂಗಳಿಗೆ ಶೇ 3ರಿಂದ 3.5ರವರೆಗೆ ಬಡ್ಡಿ ಜಡೀತದೆ, ವರ್ಷಕ್ಕೆ ಶೇ 40ರ ಹತ್ತಿರ. ಸರ್ಕಾರಕ್ಕೆ ಬೇರೆ ದರ ಮಾತಾಡಬಹುದು, ಆದರೆ ಬ್ಯಾಂಕ್ ಪುಕ್ಕಟೆ ಕಾಯಲ್ಲ. ಇಷ್ಟು ದಿನ ಅಂಗಡಿಯವರ ಮನೆಯಲ್ಲಿ ಸದ್ದಿಲ್ಲದೆ ಓಡ್ತಿದ್ದ ಬಡ್ಡಿ ಮೀಟರ್ ವಿಧಾನಸೌಧದಲ್ಲಿ ಓಡೋಕೆ ಶುರುವಾಗುತ್ತೆ. ಯಾವ ಇಲಾಖೆ ಯಾವ ತಿಂಗಳು ಎಷ್ಟು ದಂಡ ಕಟ್ಟಿತು ಅನ್ನೋದು ಸ್ಟೇಟ್‌ಮೆಂಟ್‌ನಲ್ಲಿ ಬರುತ್ತೆ, ಆಡಿಟ್‌ಗೆ ಸಿಗುತ್ತೆ, ಆರ್‌ಟಿಐ ಹಾಕಿದವರಿಗೂ ಸಿಗುತ್ತೆ. ಕಾರ್ಡ್‌ನ ನಿಜವಾದ ಉಪಯೋಗ ಇದೊಂದೇ. ಬಹುಶಃ ಅದು ಬೇಗ ಬರದೇ ಇರೋದಕ್ಕೆ ಕಾರಣವೂ ಇದೇ.

ದುರುಪಯೋಗ ಆಗುತ್ತೆ ಅನ್ನೋ ಮಾತಿಗೆ ಉತ್ತರ ಕೊಡಲೇಬೇಕು. ಆಗುತ್ತೆ. ಅಮೆರಿಕ, ಬ್ರಿಟನ್‌ನಲ್ಲೂ ಆಗಿದೆ. ಆದರೆ ಸಹಿ, ಸೀಲು, ಚೆಕ್ಕಿನ ದಾರಿ ಭದ್ರ ಅಂತ ಯಾರಾದರೂ ಅಂದ್ರೆ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮವನ್ನ ನೆನಪಿಸಿ. 2024ರ ಮೇ ತಿಂಗಳಲ್ಲಿ ನಿಗಮದ ಲೆಕ್ಕಪತ್ರ ವಿಭಾಗದ ಅಧಿಕಾರಿಯೊಬ್ಬರು ಆತ್ಮಹತ್ಯೆ ಮಾಡಿಕೊಂಡ ಮೇಲೆ ಹೊರಬಂದ ವಿಷಯ ಅದು. 187 ಕೋಟಿ ರೂಪಾಯಿ ಬೆಂಗಳೂರಿನ ಒಂದು ಬ್ಯಾಂಕ್ ಖಾತೆಗೆ ಹೋಗಿ, ಅಲ್ಲಿಂದ ಸುಮಾರು 89 ಕೋಟಿ ಬೇರೆ ಬೇರೆ ಖಾತೆಗಳಿಗೆ ಹರಿದಿತ್ತು. ಜೂನ್ 6ರಂದು ಸಚಿವ ಬಿ. ನಾಗೇಂದ್ರ ರಾಜೀನಾಮೆ ಕೊಟ್ಟರು. ಅಲ್ಲಿ ಯಾರ ಕೈಯಲ್ಲೂ ಕಾರ್ಡ್ ಇರಲಿಲ್ಲ. ಎಲ್ಲಾ ಕಾಗದದ ಮೇಲೆ, ಬ್ಯಾಂಕ್ ಮೂಲಕವೇ ನಡೆದಿತ್ತು. 89 ಕೋಟಿಯ ದಾರಿ ಅಷ್ಟು ಸಲೀಸು, 300 ರೂಪಾಯಿ ಝೆರಾಕ್ಸ್ ದಾರಿ ಇಷ್ಟು ಕಷ್ಟ.

ಸಣ್ಣ ಕಾರ್ಡಿಗೆ ಕಡಿವಾಣ ಹಾಕೋದು ತಾಂತ್ರಿಕವಾಗಿ ಕಷ್ಟ ಇಲ್ಲ. ಕಾರ್ಡ್ ವ್ಯವಸ್ಥೆಯಲ್ಲಿ ಪ್ರತಿ ಅಂಗಡಿಗೂ ಒಂದು ವರ್ಗದ ನಂಬರ್ ಇರುತ್ತೆ. ಸ್ಟೇಷನರಿಗೆ ಸರಿ, ಬಾರ್‌ಗೆ ಇಲ್ಲ, ಬಂಗಾರದ ಅಂಗಡಿಗೆ ಇಲ್ಲ ಅಂತ ಮೊದಲೇ ಬೀಗ ಹಾಕಬಹುದು. ದಿನಕ್ಕೆ ಇಷ್ಟು, ತಿಂಗಳಿಗೆ ಇಷ್ಟು ಅಂತ ಮಿತಿ ಇಡಬಹುದು. ಇದಕ್ಕಿಂತ ಸರಳವಾದ ‘ಇ-ರುಪಿ’ ನಮ್ಮ ದೇಶದಲ್ಲೇ ಇದೆ, 2021ರ ಆಗಸ್ಟ್ 2ರಂದು ಪ್ರಧಾನಿ ಮೋದಿ ಚಾಲನೆ ಕೊಟ್ಟಿದ್ದು. ಕಾರ್ಡೂ ಬೇಡ, ಆ್ಯಪೂ ಬೇಡ. ಮೊಬೈಲಿಗೆ ಕ್ಯೂಆರ್ ಅಥವಾ ಮೆಸೇಜ್ ಬರುತ್ತೆ, ಯಾವ ಕೆಲಸಕ್ಕೆ ಕೊಟ್ಟಿದ್ದೋ ಅದಕ್ಕೆ ಮಾತ್ರ ನಡೆಯುತ್ತೆ. ಮೊದಲು 10 ಸಾವಿರ ಇದ್ದ ಮಿತಿಯನ್ನ ಸರ್ಕಾರಿ ವೋಚರ್‌ಗಳಿಗೆ 2022ರಲ್ಲಿ ಒಂದು ಲಕ್ಷಕ್ಕೆ ಏರಿಸಲಾಯ್ತು. ಮೊಟ್ಟೆಗೆ ಅಂತ ಕೊಟ್ಟ ವೋಚರ್ ಮೊಟ್ಟೆ ಅಂಗಡಿಯಲ್ಲೇ ಖರ್ಚಾಗುತ್ತೆ. ಕಷ್ಟ ಎಲ್ಲಿ ಅಂದ್ರೆ ಇದರಲ್ಲಿ ದುಡ್ಡು ಮೊದಲೇ ಇಡಬೇಕು. ಸಾಲದ ಕಾರ್ಡಲ್ಲ. ಅನುದಾನವೇ ತಡ ಆದರೆ ವೋಚರೂ ತಡ.

ಅಂಗಡಿಯವರು ಒಪ್ತಾರಾ ಅನ್ನೋದು ಇನ್ನೊಂದು ಪ್ರಶ್ನೆ. 2025ರ ಜುಲೈನಲ್ಲಿ ನಡೆದಿದ್ದು ಯಾರೂ ಮರೆತಿಲ್ಲ. ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟಿತು. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ ಬೇಕು ಅನ್ನೋದು ನಿಯಮ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ಕಟ್ಟಿ ಅಂತ ಬಂತು, ತರಕಾರಿಗೆ ತೆರಿಗೆಯೇ ಇಲ್ಲದಿದ್ದರೂ. ಬೆಂಗಳೂರಲ್ಲಿ ಕ್ಯೂಆರ್ ಕಿತ್ತು ‘ಕ್ಯಾಶ್ ಮಾತ್ರ’ ಬೋರ್ಡ್ ಹಾಕಿದರು. ಜುಲೈ 23ರಂದು ಸಿಎಂ ವ್ಯಾಪಾರಿಗಳನ್ನ ಕರೆದು ಹಳೇ ಬಾಕಿ ವಸೂಲಿ ಮಾಡಲ್ಲ ಅಂದ ಮೇಲೆ ತಣ್ಣಗಾಯ್ತು. ಒಂದು ಕೈಯಲ್ಲಿ ನೋಟಿಸ್ ಕೊಟ್ಟ ಸರ್ಕಾರ ಇನ್ನೊಂದು ಕೈಯಲ್ಲಿ ಕಾರ್ಡ್ ಚಾಚಿದರೆ ಅಂಗಡಿಯವರು ಹಿಂದೆ ಮುಂದೆ ನೋಡ್ತಾರೆ, ತಪ್ಪೇನಿಲ್ಲ. ಕ್ರೆಡಿಟ್ ಕಾರ್ಡಲ್ಲಿ ನೂರಕ್ಕೆ ಒಂದೂವರೆ, ಎರಡು ರೂಪಾಯಿ ಅಂಗಡಿಯವರಿಂದಲೇ ಕಡಿತ ಆಗೋದೂ ಇದೆ. ರುಪೇ ಕ್ರೆಡಿಟ್ ಕಾರ್ಡನ್ನ ಯುಪಿಐಗೆ ಜೋಡಿಸಿದರೆ ಸಣ್ಣ ಅಂಗಡಿಗಳಿಗೆ 2,000 ರೂಪಾಯಿವರೆಗೆ ಆ ಕಡಿತ ಇಲ್ಲ. ನಾಡಕಚೇರಿ, ಪಂಚಾಯಿತಿಯ ದಿನದ ಖರ್ಚು ಬಹುತೇಕ ಅಷ್ಟರೊಳಗೇ ಇರುತ್ತೆ.

ಮತ್ತೆ, ಕಾರ್ಡ್ ಯಾರ ಕೈಯಲ್ಲಿ ಇರಬೇಕು? ಗ್ರಾಮ ಪಂಚಾಯಿತಿಯಲ್ಲಿ ಹಣಕಾಸು ಆಯೋಗದ ದುಡ್ಡು ಈಗಾಗಲೇ ಡಾಂಗಲ್‌ನಲ್ಲಿ ಹೋಗುತ್ತೆ, ಪಿಡಿಒ ಒಂದು ಒತ್ತಬೇಕು, ಅಧ್ಯಕ್ಷರು ಇನ್ನೊಂದು. ಕಾಗದದಲ್ಲಿ ಇಬ್ಬರ ಕಾವಲು. ಅಧ್ಯಕ್ಷೆಯ ಡಾಂಗಲ್ ಅವರ ಗಂಡನ ಜೇಬಲ್ಲೋ, ಕಂಪ್ಯೂಟರ್ ಆಪರೇಟರ್ ಡ್ರಾಯರ್‌ನಲ್ಲೋ ಇದ್ದರೆ ಆ ಕಾವಲಿಗೆ ಅರ್ಥ ಇಲ್ಲ. ಕಾರ್ಡಿಗೂ ಅದೇ ಗತಿ ಆಗಬಹುದು. ಬ್ರಿಟನ್‌ನವರು ಇದಕ್ಕೆ ಒಂದು ದಾರಿ ಕಂಡ್ಕೊಂಡಿದ್ದರು. 500 ಪೌಂಡ್ ದಾಟಿದ ಪ್ರತಿ ಕಾರ್ಡ್ ಖರೀದಿಯನ್ನ ಇಲಾಖೆಗಳು ತಿಂಗಳು ತಿಂಗಳು ಬಹಿರಂಗ ಮಾಡಬೇಕು. ಕಾರ್ಡ್ ಖರ್ಚಿನ ಮೇಲೆ ಅಲ್ಲಿನ ಪತ್ರಿಕೆಯವರಿಗೆ, ಸಂಸದರಿಗೆ ಕಣ್ಣಿಡೋಕೆ ಆಗಿದ್ದು ಆ ಪಟ್ಟಿ ಇದ್ದಿದ್ದರಿಂದ. ನಮ್ಮ ನಾಡಕಚೇರಿ ಗೋಡೆಯಲ್ಲಿ ಸಕಾಲ ಬೋರ್ಡಿನ ಪಕ್ಕ ಇನ್ನೊಂದು ಹಾಳೆಗೆ ಜಾಗ ಇದೆ.

ಛತ್ರ ಹೋಬಳಿಯ ಪಂಚಾಯಿತಿಗಳಿಗೆ ಇದು ದೂರದ ಮಾತಲ್ಲ. 2020ರ ಡಿಸೆಂಬರ್‌ನಲ್ಲಿ ಗೆದ್ದ ಸದಸ್ಯರ ಅವಧಿ ಐದು ವರ್ಷದ್ದು. ಓಟು ಕೇಳೋಕೆ ಬರೋರಿಗೆ ರಸ್ತೆ, ಚರಂಡಿ ಜೊತೆ ಇದನ್ನೂ ಕೇಳಬಹುದು: ಪಂಚಾಯಿತಿ ಊರ ಅಂಗಡಿಗಳಿಗೆ ಎಷ್ಟು ಬಾಕಿ ಇಟ್ಟಿದೆ? ಬಲ್ಬಿಗೆ, ಬ್ಲೀಚಿಂಗ್ ಪೌಡರ್‌ಗೆ, ಮೋಟಾರ್ ರಿಪೇರಿಗೆ. ಜಮಾಬಂದಿಯಲ್ಲಿ ವರ್ಷದ ಖರ್ಚು ಓದ್ತಾರೆ, ಯಾವ ಕೆಲಸಕ್ಕೆ ಎಷ್ಟು ಅಂತ ಹೇಳ್ತಾರೆ. ವಸ್ತು ತಂದ ತಾರೀಖು ಒಂದು ಕಡೆ, ದುಡ್ಡು ಕೊಟ್ಟ ತಾರೀಖು ಇನ್ನೊಂದು ಕಡೆ ಬರೆದ ಪಟ್ಟಿ ಕೇಳಿದರೆ ಕೊಡಬೇಕಾಗುತ್ತೆ, ವೋಚರ್ ಪುಸ್ತಕದಲ್ಲಿ ಎರಡೂ ಇರ್ತವೆ. ಮುಂದಿನ ಜಮಾಬಂದಿ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ.